‘ಹಾಕಿ ಬಿಟ್ಟುಬಿಡಿ’ ಎನ್ನುವವರಿಗೆ

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆಯ ಕಂಪ್ಯೂಟರಿಗೆ ಯಾವ ಲಿನಕ್ಸ್ ಹಾಕಿಕೊಳ್ಳಲಿ ಎಂದು ಕೇಳುವವರು ಈಗ ಹೆಚ್ಚಾಗಿದ್ದಾರೆ, ಸಲಹೆ ಕೊಡುವವರು ಅದಕ್ಕಿಂತ ಹೆಚ್ಚಾಗಿದ್ದಾರೆ. ಆ ಸಲಹೆಗಳಲ್ಲಿ ಕೆಲವು ತಪ್ಪು. ಒಂದಂತೂ ಅಪಾಯಕಾರಿ.

‘ಹಳೆಯದಕ್ಕೆ ಯಾಕೆ ಒದ್ದಾಡುತ್ತೀರಿ, ಹೊಸದು ಕೊಳ್ಳಿ’ ಎನ್ನುತ್ತಾರೆ. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ, ಇಂಟೆಲ್ ಆದರೆ ಎಂಟನೇ ತಲೆಮಾರಿನಿಂದ ಈಚಿನ ಪ್ರೊಸೆಸರ್ ಕೇಳುತ್ತದೆ. ಅದು ಮೈಕ್ರೋಸಾಫ್ಟ್ ಎಳೆದ ಗೆರೆ. ಗೆರೆಯ ಆಚೆ ಉಳಿದ ಯಂತ್ರ ಕೆಟ್ಟಿದೆ ಎಂದು ಅದರಿಂದ ಆಗುವುದಿಲ್ಲ. 4 ಜಿಬಿ ರ‍್ಯಾಮ್ ಇರುವ ಹತ್ತು ಹನ್ನೆರಡು ವರ್ಷದ ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ ಹಾಕಿಸಿ, ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಅನುಸ್ಥಾಪಿಸಿ ನೋಡಿ. ಪಿಯುಸಿ ಮಕ್ಕಳ ಓದು, ಅಂಗಡಿ ಲೆಕ್ಕ, ಪತ್ರವ್ಯವಹಾರ ಎಲ್ಲಕ್ಕೂ ಅದು ಸಾಕು.

‘ಹಾಗಾದರೆ ಎಲ್ಲಕ್ಕಿಂತ ಹಗುರವಾದದ್ದನ್ನೇ ಹಾಕಿ’ ಎಂಬುದು ಇನ್ನೊಂದು ಮಾತು. ಡೆಸ್ಕ್‌ಟಾಪ್‌ನಲ್ಲಿ ಇನ್ನೂರು ಮುನ್ನೂರು ಎಂಬಿ ಉಳಿಸಿದ್ದನ್ನು ಬ್ರೌಸರಿನ ನಾಲ್ಕು ಟ್ಯಾಬ್‌ಗಳು ತಿಂದುಹಾಕುತ್ತವೆ. ಪಪ್ಪಿ ಲಿನಕ್ಸ್ ಬಹಳ ಹಗುರ, ನಿಜ. ಆದರೆ ಅದು ಸಾಮಾನ್ಯವಾಗಿ ಏನನ್ನೂ ಬದಲಿಸಬಲ್ಲ ರೂಟ್ ಅಧಿಕಾರದಲ್ಲೇ ನಡೆಯುತ್ತದೆ. ಕೆಟ್ಟ ಡಿಸ್ಕಿನಿಂದ ಫೋಟೋಗಳನ್ನು ಉಳಿಸಿಕೊಳ್ಳಲು ಅದು ಒಳ್ಳೆಯದು. ಮನೆಮಂದಿ ದಿನಾ ಬಳಸುವ, ಬ್ಯಾಂಕ್ ವ್ಯವಹಾರವೂ ನಡೆಯುವ ಯಂತ್ರಕ್ಕೆ ನಾನು ಅದನ್ನು ಹೇಳುವುದಿಲ್ಲ.

ಸದಾ ಹೊಸತನ್ನೇ ಕೊಡುವ ಆರ್ಚ್‌ನಂಥ ರೋಲಿಂಗ್ ವಿತರಣೆಯೇ ಸುರಕ್ಷಿತ ಎನ್ನುವವರು 2024ರ ಮಾರ್ಚ್ ನೆನಪಿಸಿಕೊಳ್ಳಲಿ. ಎಕ್ಸ್‌ಝಡ್ ಎಂಬ ಸಣ್ಣ ತಂತ್ರಾಂಶದಲ್ಲಿ ಯಾರೋ ಕಳ್ಳಬಾಗಿಲು ಇಟ್ಟಿದ್ದನ್ನು ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞ ಪತ್ತೆಹಚ್ಚಿದರು. ಆ ಹೊತ್ತಿಗೆ ಅದು ಡೆಬಿಯನ್ ಎಂಬ ವಿತರಣೆಯ ಪರೀಕ್ಷಾ ಶಾಖೆಗಳಿಗೂ ಕೆಲವು ರೋಲಿಂಗ್ ವಿತರಣೆಗಳಿಗೂ ಬಂದಾಗಿತ್ತು. ಡೆಬಿಯನ್‌ನ ಸ್ಥಿರ ಆವೃತ್ತಿಗೆ ಬಂದಿರಲಿಲ್ಲ.

ಅಪಾಯಕಾರಿ ಎಂದೆನಲ್ಲ, ಆ ಸಲಹೆ ಇದು: ‘ಒಮ್ಮೆ ಹಾಕಿ, ಆಮೇಲೆ ಅಪ್‌ಡೇಟ್ ಮಾಡಲೇಬೇಡಿ, ಹಳೆಯ ಯಂತ್ರ ಕೆಡುತ್ತದೆ.’ ಅಪ್‌ಡೇಟ್ ಎಂದರೆ ಎಲ್ಲ ತಂತ್ರಾಂಶವೂ ಹೊಸದಾಗಿ ಭಾರವಾಗುವುದು ಎಂಬ ಭಯ ಇದರ ಹಿಂದಿದೆ. ಸ್ಥಿರ ವಿತರಣೆಗಳಲ್ಲಿ ಹಾಗಾಗುವುದಿಲ್ಲ. 2014ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪೀಕರಣ ತಂತ್ರಾಂಶದಲ್ಲಿ ಹಾರ್ಟ್‌ಬ್ಲೀಡ್ ದೋಷ ಬಯಲಾದಾಗ ಅದರ ತಂಡ 1.0.1ಜಿ ಎಂಬ ಹೊಸ ಆವೃತ್ತಿಯನ್ನು ಬಿಟ್ಟಿತು. ಡೆಬಿಯನ್ 7 ತನ್ನಲ್ಲಿದ್ದ 1.0.1ಇ ಆವೃತ್ತಿಯನ್ನು ಬದಲಿಸದೆ, ತೂತಿದ್ದ ಕಡೆ ಮಾತ್ರ ತೇಪೆ ಹಾಕಿತು. ಇಂಥ ತೇಪೆಯನ್ನು ನಿರಾಕರಿಸಿ ಉಳಿಸಿಕೊಂಡದ್ದೇನು?

ಯಂತ್ರ ಕೆಡುವುದು ಬೇರೆ ಕಾರಣಗಳಿಂದ. ಬೂಟ್ ವಿಭಾಗದಲ್ಲಿ ಹಳೆಯ ಕರ್ನಲ್‌ಗಳು ತುಂಬಿ ಜಾಗ ಮುಗಿದಿರುತ್ತದೆ. ಯುಪಿಎಸ್ ಇಲ್ಲದ ಮನೆಯಲ್ಲಿ ಅಪ್‌ಡೇಟ್ ನಡುವೆ ಕರೆಂಟ್ ಹೋಗುತ್ತದೆ. ಹಳೆಯ ಗ್ರಾಫಿಕ್ಸ್ ಕಾರ್ಡಿಗೆ ಹೊರಗಿನ ಡ್ರೈವರ್ ಹಾಕಿಕೊಂಡವರಿಗೆ ಕರ್ನಲ್ ಬದಲಾದಾಗ ತೊಂದರೆ ಬರುವುದೂ ಉಂಟು, ಅದನ್ನು ಒಪ್ಪುತ್ತೇನೆ. ಮಿಂಟ್‌ನಲ್ಲಿ ಟೈಮ್‌ಶಿಫ್ಟ್ ಇರುವುದು ಇದಕ್ಕೇ. ಮೊದಲು ಒಂದು ಸ್ನ್ಯಾಪ್‌ಶಾಟ್ ತೆಗೆದಿಟ್ಟರೆ, ಕೆಟ್ಟರೂ ಹಿಂದಿನ ಸ್ಥಿತಿಗೆ ಮರಳಬಹುದು.

ಮುಂದೂಡಿದಷ್ಟೂ ಕೆಲಸ ಕಷ್ಟವಾಗುತ್ತದೆ ಎಂಬುದನ್ನೂ ಅಪ್‌ಡೇಟ್ ಬೇಡ ಎನ್ನುವವರು ಹೇಳುವುದಿಲ್ಲ. ಡೆಬಿಯನ್ 10ರಿಂದ ನೇರವಾಗಿ 13ಕ್ಕೆ ಜಿಗಿಯಲು ಬರುವುದಿಲ್ಲ. 11, 12ನ್ನು ಒಂದೊಂದಾಗಿ ದಾಟಿ ಬರಬೇಕು.

ಲಿನಕ್ಸ್‌ನಲ್ಲಿ ಕನ್ನಡ ಬರೆಯಲಾಗದು ಎಂಬುದು ಹಳಸಿದ ಮಾತು. ಐಬಸ್ ಎಂಬ ಟೈಪಿಂಗ್ ಸಾಧನದಲ್ಲಿ ನುಡಿಯ ಕೀಲಿಮಣೆ ವಿನ್ಯಾಸ ಕೆಜಿಪಿ ಹೆಸರಿನಲ್ಲಿ ಸಿಗುತ್ತದೆ, ಗುಬ್ಬಿ ಮತ್ತು ನವಿಲು ಫಾಂಟ್‌ಗಳು ಡೆಬಿಯನ್ ಭಂಡಾರದಲ್ಲೇ ಇವೆ.

ವಿತರಣೆ ಆರಿಸುವಾಗ ಅದು ಎಷ್ಟು ಹಗುರ ಎಂಬುದಕ್ಕಿಂತ ಮೊದಲು, ಅದಕ್ಕೆ ಯಾವ ವರ್ಷದವರೆಗೆ ಭದ್ರತಾ ತೇಪೆ ಬರುತ್ತದೆ ಎಂದು ನೋಡಿ. ಮಿಂಟ್ 22ಕ್ಕೆ 2029ರವರೆಗೆ ಬರುತ್ತದೆ. ಹಳೆಯ ಆಟಮ್ ನೆಟ್‌ಬುಕ್‌ನಂಥ 32 ಬಿಟ್ ಯಂತ್ರವಿದ್ದರೆ ದಾರಿ ಕಿರಿದು: ಡೆಬಿಯನ್ 13ಕ್ಕೆ 32 ಬಿಟ್ ಪಿಸಿಗಳ ಇನ್‌ಸ್ಟಾಲರ್ ಇಲ್ಲ, ಮೊಜಿಲ್ಲಾ ಕೂಡ 144ರ ನಂತರ 32 ಬಿಟ್ ಲಿನಕ್ಸ್‌ಗೆ ಫೈರ್‌ಫಾಕ್ಸ್ ಬಿಡುತ್ತಿಲ್ಲ. ಅಂಥ ಯಂತ್ರಕ್ಕೆ ಉಳಿದಿರುವ ಡೆಬಿಯನ್ 12ರ ದೀರ್ಘಾವಧಿ ಬೆಂಬಲ 2028ರ ಜೂನ್ 30ಕ್ಕೆ ಮುಗಿಯುತ್ತದೆ. ಆಮೇಲೆ ಆ ಯಂತ್ರವನ್ನು ಇಂಟರ್‌ನೆಟ್‌ಗೆ ಜೋಡಿಸಬೇಡಿ.