ಒತ್ತಿದ ಮೇಲೆ ಎಷ್ಟು ಹೊತ್ತು ಕಾಯ್ಬೇಕು?

ಫೆಸ್ಟ್‌ನ ಎರಡನೇ ದಿನ ಸಂಜೆ. ಡಿಜೆ ಶುರುವಾಗೋ ಹೊತ್ತು, ಗ್ರೌಂಡ್ ತುಂಬಾ ಜನ. ಸ್ಟೇಜ್ ಹತ್ತಿರ ಜೂನಿಯರ್ ಒಬ್ಬಳು ತಲೆಸುತ್ತಿ ಬಿದ್ದಳು. ನಮ್ಮ ವಾಲಂಟಿಯರ್ ಫೋನಿನ ವಾಕಿಟಾಕಿ ಆ್ಯಪ್‌ನಲ್ಲಿ ಬಟನ್ ಒತ್ತಿ "ಹಿಂದಿನ ಗೇಟ್ ತೆಗೀರಿ" ಅಂದ. ಗೇಟ್ ಕಾಯ್ತಿದ್ದವರಿಗೆ ಕೇಳಿಸಿದ್ದು "ಗೇಟ್ ತೆಗೀರಿ" ಅಷ್ಟೇ, ಅದೂ ತಡವಾಗಿ. ಅವರು ಮುಂದಿನ ಗೇಟ್ ತೆಗೆದರು. ಆಂಬುಲೆನ್ಸ್ ಹಿಂದಿನ ಗೇಟಿನ ಹೊರಗೆ ನಿಂತಿತ್ತು. ಪುಣ್ಯಕ್ಕೆ ಅವಳಿಗೆ ಏನೂ ಆಗಲಿಲ್ಲ, ನೀರು ಕುಡಿದು ಎದ್ದು ಕೂತಳು. ಆದರೆ ಆ ಒಂದು ಪದ ಎಲ್ಲಿ ಹೋಯ್ತು?

"ಎಲ್ಲರ ಹತ್ರನೂ 5ಜಿ ಫೋನ್ ಇತ್ತಲ್ವಾ?" ಅಂತ ಆಮೇಲೆ ಎಲ್ಲರೂ ಕೇಳಿದರು. ಇಲ್ಲೇ ನಾವು ಎಡವೋದು. ನೆಟ್‌ವರ್ಕ್ ಅಂದ ತಕ್ಷಣ ನಾವು ಸ್ಪೀಡ್ ಟೆಸ್ಟ್ ಹಾಕಿ ಎಂಬಿಪಿಎಸ್ ನೋಡ್ತೀವಿ. ಮಾತಿಗೆ ಬೇಕಾಗೋದು ಸೆಕೆಂಡಿಗೆ ಹತ್ತಿಪ್ಪತ್ತು ಕಿಲೋಬಿಟ್. ಪುಷ್-ಟು-ಟಾಕ್‌ನಲ್ಲಿ ನೋಡಬೇಕಾದ್ದು ಬೇರೆ: ಬಟನ್ ಒತ್ತಿದ ಮೇಲೆ ಮಾತಾಡೋಕೆ ಎಷ್ಟು ಹೊತ್ತಿಗೆ ದಾರಿ ಸಿಗುತ್ತೆ? ಅವಸರದಲ್ಲಿ ಯಾರೂ ಬೀಪ್‌ಗೆ ಕಾಯಲ್ಲ. ಒತ್ತಿದ ಕೂಡಲೇ ಮಾತಾಡ್ತಾರೆ, ಮೊದಲ ಪದ ಕಳೆದುಹೋಗುತ್ತೆ.

ಈ ಲೆಕ್ಕದಲ್ಲಿ ಹೊಸ ಜನರೇಷನ್ ಅಂದ್ರೆ ಒಳ್ಳೇದು ಅನ್ನೋ ಹಾಗಿಲ್ಲ. ಅಮೆರಿಕದ ಕಥೆ ನೋಡಿ. ಅಲ್ಲಿ ನೆಕ್ಸ್‌ಟೆಲ್ ಕಂಪನಿ 1990ರ ದಶಕದಲ್ಲಿ ಮೊಟೊರೋಲಾದ ಐಡೆನ್ ಅನ್ನೋ ತಂತ್ರಜ್ಞಾನದ ಮೇಲೆ ಈ ಸೇವೆ ಕೊಟ್ಟಿತು. ಡೇಟಾ ವೇಗ ನಮ್ಮ ಕಾಲಕ್ಕೆ ನಗು ಬರೋಷ್ಟು ಕಡಿಮೆ. ಆದರೆ ಒತ್ತಿದರೆ ಸುಮಾರು ಒಂದು ಸೆಕೆಂಡಿನಲ್ಲಿ ಲೈನ್ ರೆಡಿ, ಯಾಕಂದ್ರೆ ಆ ನೆಟ್‌ವರ್ಕನ್ನು ಕಟ್ಟುವಾಗಲೇ ವಾಕಿಟಾಕಿ ಕೆಲಸ ಮನಸ್ಸಿನಲ್ಲಿಟ್ಟುಕೊಂಡಿದ್ದರು. 2003ರಲ್ಲಿ ವೆರೈಜನ್ ತನ್ನ ಸಿಡಿಎಂಎ ನೆಟ್‌ವರ್ಕ್ ಮೇಲೆ ಇದನ್ನೇ ತಂದಾಗ ಕೆಲವು ಸೆಕೆಂಡು ಕಾಯಬೇಕಾಗ್ತಿತ್ತು.

ಕಾರಣ ಸರಳ: ಫೋನ್ ನಿದ್ದೆ ಮಾಡುತ್ತೆ. ಬ್ಯಾಟರಿ ಉಳಿಸೋಕೆ ಅದು ಆಗಾಗ ಮಾತ್ರ ಎದ್ದು "ನನಗೇನಾದರೂ ಬಂದಿದೆಯಾ?" ಅಂತ ನೋಡುತ್ತೆ. ಸಿಡಿಎಂಎನಲ್ಲಿ ಸ್ಲಾಟ್ ಸೈಕಲ್ ಇಂಡೆಕ್ಸ್ 2 ಇದ್ದರೆ 5.12 ಸೆಕೆಂಡಿಗೊಮ್ಮೆ, 0 ಇದ್ದರೆ 1.28 ಸೆಕೆಂಡಿಗೊಮ್ಮೆ. ಅಂದ್ರೆ ಮೊದಲನೆಯದರಲ್ಲಿ ಆ ಕಡೆಯ ಫೋನನ್ನು ಎಬ್ಬಿಸೋಕೇ ಸರಾಸರಿ ಎರಡೂವರೆ ಸೆಕೆಂಡು! 2005ರಲ್ಲಿ ನೆಕ್ಸ್‌ಟೆಲ್ ಜೊತೆ ಸೇರಿದ ಸ್ಪ್ರಿಂಟ್, 2008ರಲ್ಲಿ 3ಜಿ ಮೇಲೆ ಕ್ಯೂಚಾಟ್ ಅನ್ನೋ ಹೊಸ ವ್ಯವಸ್ಥೆ ತಂದು ಈ ಅಂತರ ಕಡಿಮೆ ಮಾಡೋಕೆ ಹೊರಟಿತು. ಹಳೇ ಐಡೆನ್ 2013ರ ಜೂನ್ 30ಕ್ಕೆ ಮುಚ್ಚಿತು.

4ಜಿ ಬಂದರೂ ಫೋನ್ ನಿದ್ದೆ ಬಿಟ್ಟಿಲ್ಲ. ಎಲ್‌ಟಿಇನಲ್ಲೂ ಸುಮ್ಮನೆ ಕೂತ ಫೋನ್ ಏಳೋದು 0.32ರಿಂದ 2.56 ಸೆಕೆಂಡಿಗೊಮ್ಮೆ. ಹಾಗಂತ 4ಜಿ ಕೈಲಾಗದು ಅಂತಲ್ಲ. ಪೊಲೀಸರು, ಅಗ್ನಿಶಾಮಕದವರಿಗಾಗಿ 2016ರ 3ಜಿಪಿಪಿ ರಿಲೀಸ್ 13ರಲ್ಲಿ ಎಂಸಿಪಿಟಿಟಿ ಅನ್ನೋ ಮಾನದಂಡ ಬಂತು. ಅದರ ಗುರಿ: ಒತ್ತಿದಾಗಿನಿಂದ ಮಾತಾಡಲು ಅನುಮತಿ ಸಿಗೋವರೆಗೆ, 100ರಲ್ಲಿ 95 ಸಲ, 300 ಮಿಲಿಸೆಕೆಂಡಿಗಿಂತ ಕಡಿಮೆ. ಗಮನಿಸಿ, ಸರಾಸರಿ ಅಲ್ಲ, 100ರಲ್ಲಿ 95 ಸಲ. ಜೊತೆಗೆ ಆ ಮಾತಿಗೆ ನೆಟ್‌ವರ್ಕ್‌ನಲ್ಲಿ ಆದ್ಯತೆ. ಅಮೆರಿಕದ ಫಸ್ಟ್‌ನೆಟ್‌ನಲ್ಲಿ ತುರ್ತು ಸೇವೆಯವರಿಗೆ ಜನಜಂಗುಳಿಯಲ್ಲೂ ಮೊದಲ ಜಾಗ ಸಿಗೋದು ಹೀಗೇ.

ನಾವು ಡೌನ್‌ಲೋಡ್ ಮಾಡಿಕೊಂಡ ಫ್ರೀ ಆ್ಯಪ್‌ಗೆ ಈ ಆದ್ಯತೆ ಇಲ್ಲ. ಗ್ರೌಂಡಿನಲ್ಲಿ ಸಾವಿರ ಜನ ರೀಲ್ಸ್ ಅಪ್‌ಲೋಡ್ ಮಾಡ್ತಿದ್ದ ಅದೇ ಕ್ಯೂನಲ್ಲಿ ನಮ್ಮ "ಹಿಂದಿನ" ಅನ್ನೋ ಪದವೂ ನಿಂತಿತ್ತು.

"ಆ್ಯಪ್ ಆದ್ರೆ ಖರ್ಚಿಲ್ಲ, ಫೋಟೊ ಕಳಿಸಬಹುದು, ಊರಾಚೆಗೂ ಕೇಳುತ್ತೆ" ಅಂತೀರಾ? ಒಪ್ತೀವಿ. ಊಟದ ಕೌಂಟರ್, ಡೆಕೋರೇಷನ್‌ಗೆ ಅದೇ ಇರಲಿ. ಆದರೆ ಗೇಟ್, ಸ್ಟೇಜ್, ಫಸ್ಟ್ ಏಡ್ ಈ ಮೂರು ಕಡೆ ಟವರ್ ಹಂಗಿಲ್ಲದ ನಿಜವಾದ ವಾಕಿಟಾಕಿ ಬೇಕು. 446.0ರಿಂದ 446.2 ಮೆಗಾಹರ್ಟ್ಸ್‌ನ ಕಡಿಮೆ ಪವರ್ ಸೆಟ್‌ಗಳಿಗೆ ನಮ್ಮ ದೇಶದಲ್ಲಿ ಬಳಕೆ ಲೈಸೆನ್ಸ್ ಬೇಕಿಲ್ಲ. ಆನ್‌ಲೈನ್‌ನಲ್ಲಿ ಸಿಗೋ ಎಲ್ಲ ಸೆಟ್ಟೂ ಆ ಬ್ಯಾಂಡಿನದ್ದಲ್ಲ, ನೋಡಿ ತಗೋಬೇಕು.

ಇನ್ನೊಂದು ಕೆಲಸ ನಾವೇ ಮಾಡಬಹುದು. ಎರಡು ಫೋನ್ ಹತ್ತು ನಿಮಿಷ ಜೇಬಿನಲ್ಲಿ ಸುಮ್ಮನಿರಲಿ. ಆಮೇಲೆ ಒಂದರಲ್ಲಿ ಬಟನ್ ಒತ್ತಿ "ಒಂದು, ಎರಡು, ಮೂರು" ಅನ್ನಿ. ಎರಡೂ ದನಿಯನ್ನು ಮೂರನೇ ಫೋನಿನಲ್ಲಿ ರೆಕಾರ್ಡ್ ಮಾಡಿ ಅಂತರ ಅಳೀರಿ. 2ಜಿ, 4ಜಿ, 5ಜಿ, ಖಾಲಿ ಗ್ರೌಂಡ್, ತುಂಬಿದ ಗ್ರೌಂಡ್, ಎಲ್ಲದರಲ್ಲೂ ನೂರು ನೂರು ಸಲ. ಮುಂದಿನ ಫೆಸ್ಟ್ ಕಮಿಟಿಯ ಮೊದಲ ಮೀಟಿಂಗ್‌ಗೆ ಆ ಪಟ್ಟಿ ತಗೊಂಡು ಹೋಗೋಣ. "ಒಂದು" ಎಷ್ಟು ಸಲ ಕೇಳಿಸಲಿಲ್ಲ ಅನ್ನೋದನ್ನೂ ಅದರಲ್ಲಿ ಬರೆಯೋಣ.