ಕೈ ಬಿಡುವಾದರೆ ಸಾಕೇ?

ಮುಂಡಗೋಡದಿಂದ ಹುಬ್ಬಳ್ಳಿಗೆ ಹೋಗುವ ರಸ್ತೆ ಬಯಲಿಗೆ ತೆರೆದುಕೊಳ್ಳುತ್ತದೆ. ಯಲ್ಲಾಪುರ, ಶಿರಸಿಗಳ ಕಡೆಗೆ ಹೊರಟದ್ದು ಕಾಡು ಹೊಗುತ್ತದೆ. ಸ್ವಭಾವ ಬೇರೆಯಾದರೂ ಒಂದು ವಿಷಯದಲ್ಲಿ ಇವೆಲ್ಲ ಒಂದೇ: ಇಲ್ಲಿ ಎದುರಾಗುವ ಅಪಾಯಕ್ಕೆ ಸಿಗ್ನಲ್ ಇರುವುದಿಲ್ಲ. ಸಂಜೆ ಹೊತ್ತು ಮೇವು ಮುಗಿಸಿ ದೊಡ್ಡಿಗೆ ಮರಳುವ ಗೌಳಿಗರ ಎಮ್ಮೆಗಳನ್ನೇ ನೋಡಿ. ಡಾಂಬರಿನದೂ ಎಮ್ಮೆಯದೂ ಒಂದೇ ಬಣ್ಣ. ಮುಖ ನಮ್ಮ ಕಡೆಗಿದ್ದರೆ ಹೆಡ್‌ಲೈಟಿಗೆ ಕಣ್ಣಾದರೂ ಹೊಳೆಯುತ್ತದೆ. ಬೆನ್ನು ಹಾಕಿ ನಡೆಯುವ ಎಮ್ಮೆ ಹತ್ತಿಪ್ಪತ್ತು ಮಾರು ಹತ್ತಿರ ಬರುವವರೆಗೂ ಕತ್ತಲೆಯ ಒಂದು ತುಂಡು, ಅಷ್ಟೆ. ಸುಗ್ಗಿಯಲ್ಲಿ ಅರ್ಧ ರಸ್ತೆಗೆ ಗೋವಿನಜೋಳ ಹರವಿರುತ್ತಾರೆ, ಅದರ ಅಂಚಿಗೆ ಸಾಲಾಗಿ ಕಲ್ಲು ಇಟ್ಟಿರುತ್ತಾರೆ. ಕಾಳು ತುಂಬಿಕೊಂಡು ಹೋದ ಮೇಲೂ ಕಲ್ಲು ಅಲ್ಲೇ ಉಳಿಯುವುದುಂಟು. ಹಳಿಯಾಳದ ಕಡೆಗೆ ಹೋದರೆ ಕಾರ್ಖಾನೆಗೆ ಕಬ್ಬು ಹೊತ್ತ ಜೋಡಿ ಟ್ರೇಲರ್‌ಗಳು. ಹಿಂದೆ ದೀಪ ಉರಿಯುವುದು ಅಪರೂಪ, ರಿಫ್ಲೆಕ್ಟರ್ ಇದ್ದರೂ ಜೋತುಬಿದ್ದ ಕಬ್ಬಿನ ಗರಿ ಅದನ್ನು ಮುಚ್ಚಿರುತ್ತದೆ. ಇಂಥ ದಾರಿಯಲ್ಲಿ ಚಾಲಕನನ್ನು ಕಾಯುವುದು, ತಾನು ನಿರೀಕ್ಷಿಸದೆ ಇದ್ದುದನ್ನು ಕಾಣುವ ಶಕ್ತಿ. ಫೋನಿನ ಮಾತು ಮೊದಲು ಕಸಿಯುವುದು ಅದನ್ನೇ. ಫೋನು ಕೈಯಲ್ಲಿದೆಯೋ ಕಿವಿಯಲ್ಲಿದೆಯೋ ಎಂಬುದರಿಂದ ಹೆಚ್ಚಿನ ವ್ಯತ್ಯಾಸವಾಗುವುದಿಲ್ಲ ಎಂಬುದು ನನ್ನ ವಾದ.

ನಮ್ಮ ಕಾನೂನು ಹಾಗೆ ಭಾವಿಸಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 184ನೇ ಕಲಂ ಅಪಾಯಕಾರಿ ಚಾಲನೆಯ ಪಟ್ಟಿಗೆ ಸೇರಿಸಿದ್ದು, ಕೈಯಲ್ಲಿ ಹಿಡಿದ ಸಂಪರ್ಕ ಸಾಧನದ ಬಳಕೆಯನ್ನು. ಮರುವರ್ಷ ಬದಲಾದ ನಿಯಮ, ದಾರಿ ತಿಳಿಯಲು ಮಾತ್ರ ಫೋನ್ ಬಳಸಬಹುದು, ಅದೂ ಏಕಾಗ್ರತೆ ಕೆಡದ ಹಾಗೆ ಎಂದಿತು. ಒಟ್ಟಿನಲ್ಲಿ ಕಾನೂನಿನ ಕಣ್ಣು ಚಾಲಕನ ಕೈಯ ಮೇಲಿದೆ. ಇದಕ್ಕೆ ಕಾರಣವೂ ಇದೆ: ಕೈಯಲ್ಲಿರುವ ಫೋನು ಪೊಲೀಸರಿಗೆ ಕಾಣುತ್ತದೆ, ತಲೆಯಲ್ಲಿ ನಡೆದಿರುವ ಮಾತುಕತೆ ಕಾಣುವುದಿಲ್ಲ. ಜನ ಇದನ್ನು ತಮಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡಿದ್ದಾರೆ. ಕಾರಿನಲ್ಲಿ ಬ್ಲೂಟೂತ್, ಬೈಕಿನಲ್ಲಿ ಹೆಲ್ಮೆಟ್ಟಿನೊಳಗೆ ತುರುಕಿದ ಫೋನು. ಎರಡೂ ಕೈ ಹ್ಯಾಂಡಲ್ ಮೇಲಿರುವುದರಿಂದ ತಪ್ಪೇನೂ ಇಲ್ಲ ಎಂಬ ನಿಶ್ಚಿಂತೆ.

ಈ ನಿಶ್ಚಿಂತೆಗೆ ಆಧಾರವಿಲ್ಲ ಎಂದು ಸಂಶೋಧಕರು ಹೇಳತೊಡಗಿ ಕಾಲು ಶತಮಾನ ದಾಟಿತು. 1997ರಲ್ಲಿ ಕೆನಡಾದ ರೆಡೆಲ್‌ಮೈಯರ್ ಮತ್ತು ಟಿಬ್‌ಶಿರಾನಿ, ಅಪಘಾತ ಮಾಡಿಕೊಂಡಿದ್ದ 699 ಚಾಲಕರ ಫೋನ್ ಬಿಲ್ಲುಗಳನ್ನು ಅಪಘಾತದ ಸಮಯದ ಜೊತೆ ತಾಳೆ ಹಾಕಿದರು. ಕರೆಯ ಹೊತ್ತಿನಲ್ಲಿ ಅಪಘಾತದ ಸಂಭವ ಸುಮಾರು ನಾಲ್ಕು ಪಟ್ಟು ಹೆಚ್ಚಿತ್ತು. ಕೈ ಬಳಸದೆ ಮಾತಾಡುವ ಸಾಧನ ಹೆಚ್ಚು ಸುರಕ್ಷಿತವೆಂಬುದಕ್ಕೆ ಪುರಾವೆ ಸಿಗಲಿಲ್ಲ. ಯೂಟಾ ವಿಶ್ವವಿದ್ಯಾಲಯದ ಡೇವಿಡ್ ಸ್ಟ್ರೇಯರ್ ಮತ್ತು ಸಂಗಡಿಗರು 2001ರಲ್ಲಿ ಪ್ರಯೋಗಾಲಯದಲ್ಲೇ ಪರೀಕ್ಷಿಸಿದಾಗ, ಫೋನಿನಲ್ಲಿ ಮಾತಾಡುತ್ತಿದ್ದವರು ಕೆಂಪು ಸಿಗ್ನಲ್ ತಪ್ಪಿಸಿಕೊಳ್ಳುವುದು ಸುಮಾರು ಎರಡು ಪಟ್ಟಾಯಿತು. ಸುಮ್ಮನೆ ರೇಡಿಯೊ ಕೇಳುತ್ತಿದ್ದವರಿಗೆ ಹಾಗಾಗಲಿಲ್ಲ. ಎರಡು ವರ್ಷದ ನಂತರ ಅವರು ಚಾಲಕರ ಕಣ್ಣಿನ ಚಲನೆಯನ್ನೇ ಅಳೆದರು. ಮಾತಾಡುತ್ತಿದ್ದವರ ದೃಷ್ಟಿ ರಸ್ತೆ ಬದಿಯ ಫಲಕಗಳ ಮೇಲೆ ನೇರವಾಗಿ ನಿಂತಿತ್ತು. ಆಮೇಲೆ ಕೇಳಿದರೆ ಆ ಫಲಕಗಳ ಗುರುತು ಹಿಡಿಯಲು ಅವರಿಗೆ ಬಹುಮಟ್ಟಿಗೆ ಆಗಲಿಲ್ಲ. ಕಣ್ಣು ತನ್ನ ಕೆಲಸ ಮಾಡಿತ್ತು. ಅದು ತಂದುಕೊಟ್ಟದ್ದನ್ನು ತೆಗೆದುಕೊಳ್ಳಲು ಒಳಗೆ ಬಿಡುವಿರಲಿಲ್ಲ. ಎಮ್ಮೆ ಎದುರಿಗೇ ಇದ್ದರೂ ‘ಎಲ್ಲಿಂದ ಬಂತೋ ಗೊತ್ತೇ ಆಗಲಿಲ್ಲ’ ಎನ್ನುವ ಚಾಲಕ ಸುಳ್ಳು ಹೇಳುತ್ತಿರಬೇಕೆಂದಿಲ್ಲ.

ಇಪ್ಪತ್ತು ವರ್ಷ ಗಾಡಿ ಓಡಿಸಿದವನಿಗೆ ಇದೆಲ್ಲ ಅನ್ವಯಿಸದು ಎಂಬ ಮಾತು ಕೂಡಲೇ ಬರುತ್ತದೆ. ಅನುಭವ ದೊಡ್ಡದು, ನಿಜ. ಆದರೆ ಅನುಭವಿಯ ಕಣ್ಣು ಪಳಗಿರುವುದು ಹುಡುಕುವ ವಸ್ತುವಿಗೆ. 2013ರಲ್ಲಿ ಟ್ರಾಫ್ಟನ್ ಡ್ರೂ ಮತ್ತಿತರರು ರೇಡಿಯಾಲಜಿ ವೈದ್ಯರಿಗೆ ಶ್ವಾಸಕೋಶದ ಸ್ಕ್ಯಾನ್ ಕೊಟ್ಟು ಗಂಟು ಹುಡುಕಲು ಹೇಳಿದರು. ಚಿತ್ರದೊಳಗೆ ಸಾಮಾನ್ಯ ಗಂಟಿಗಿಂತ 48 ಪಟ್ಟು ದೊಡ್ಡದಾದ ಗೊರಿಲ್ಲಾ ಆಕೃತಿಯನ್ನು ಸೇರಿಸಿದ್ದರು. 24 ವೈದ್ಯರಲ್ಲಿ 20 ಮಂದಿ ಅದನ್ನು ಕಾಣಲೇ ಇಲ್ಲ. ನೋಡುವುದನ್ನೇ ಜೀವನವೃತ್ತಿ ಮಾಡಿಕೊಂಡವರ ಕಥೆ ಇದು. ದಿನವೂ ಅದೇ ದಾರಿಯಲ್ಲಿ ಓಡಾಡುವ ಚಾಲಕನಿಗೆ ತಿರುವು, ಹೊಂಡ, ಹಂಪ್ ಎಲ್ಲ ಬಾಯಿಪಾಠ. ಇಂದು ಹೊಸದಾಗಿ ಬಂದು ನಿಂತ ಟ್ರೇಲರ್ ಆ ಪಾಠದಲ್ಲಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಸಂಶೋಧನೆಯ ಒಳಗಿನಿಂದಲೇ ಬಂದಿದೆ. ವರ್ಜೀನಿಯಾ ಟೆಕ್‌ನ ಸಾರಿಗೆ ಸಂಸ್ಥೆ ನಿಜವಾದ ರಸ್ತೆಗಳಲ್ಲಿ ಓಡುವ ಲಾರಿಗಳಿಗೆ ಕ್ಯಾಮೆರಾ ಕಟ್ಟಿ ನೋಡಿತು. ಸಂದೇಶ ಟೈಪ್ ಮಾಡುವಾಗ ಅಪಾಯ 23 ಪಟ್ಟಾಯಿತು. ಕೈ ಬಳಸದೆ ಮಾತಾಡುವಾಗ ಅಪಾಯ ಹೆಚ್ಚಿದ್ದು ಕಾಣಲಿಲ್ಲ. ಇದನ್ನು ತಳ್ಳಿಹಾಕಲು ಬರುವುದಿಲ್ಲ. ಟೈಪ್ ಮಾಡುವುದೇ ಹೆಚ್ಚಿನ ಅಪಾಯವೆಂಬುದರಲ್ಲಿ ಅನುಮಾನವೂ ಇಲ್ಲ: ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಎರಡು ಸೆಕೆಂಡು ತಲೆ ಬಗ್ಗಿಸಿದರೆ ಗಾಡಿ 33 ಮೀಟರ್ ಕುರುಡಾಗಿ ಓಡಿರುತ್ತದೆ. ಮಾತಿನ ವಿಷಯಕ್ಕೆ ಬಂದರೆ, ಮಧ್ಯೆ ಡಿವೈಡರ್ ಇರುವ ಉದ್ದನೆಯ ಹೆದ್ದಾರಿಯಲ್ಲಿ ನಡುರಾತ್ರಿ ಲಾರಿ ಓಡಿಸುವವನಿಗೆ ಮಾತು ನಿದ್ದೆ ತಡೆಯಲೂಬಹುದು, ಒಪ್ಪುತ್ತೇನೆ. ಆದರೆ ಆ ಲಾಭ ಸಿಗುವುದು ಏನೂ ಎದುರಾಗದ ರಸ್ತೆಯಲ್ಲಿ. ಮುಂಡಗೋಡದ ಸುತ್ತಿನ ಎರಡು ಗಾಡಿ ಅಗಲದ ದಾರಿಗೆ ಆ ಲೆಕ್ಕ ತಂದು ಹಚ್ಚುವುದು ಸರಿಯಲ್ಲ.

ಹಾಗಾದರೆ ಪಕ್ಕದಲ್ಲಿ ಕೂತವನ ಹರಟೆ? ಅದೂ ಮಾತೇ ಅಲ್ಲವೇ? ಅಲ್ಲ, ಅದರ ನಡೆ ಬೇರೆ. ಲಾರಿಯ ಕ್ಲೀನರ್ ಊರ ಸುದ್ದಿಯನ್ನೆಲ್ಲ ಹೇಳುತ್ತಿರುತ್ತಾನೆ; ಅರಬೈಲ್ ಘಾಟಿನ ತಿರುವು ಬಂತೆಂದರೆ ಮಾತು ತಾನಾಗಿ ನಿಲ್ಲುತ್ತದೆ, ತಲೆ ಕಿಟಕಿಯಿಂದ ಹೊರಗೆ ಹೋಗುತ್ತದೆ, ಬಾಗಿಲು ಬಡಿದು ‘ಬರ್ಲಿ, ಬರ್ಲಿ’ ಎನ್ನುತ್ತಾನೆ. ಒಂದರ ಬದಲು ಎರಡು ಜೋಡಿ ಕಣ್ಣು. ಸ್ಟ್ರೇಯರ್ ಗುಂಪು 2008ರಲ್ಲಿ ಕಂಡದ್ದೂ ಇದನ್ನೇ: ಜೊತೆಯ ಪ್ರಯಾಣಿಕ ರಸ್ತೆ ಕಠಿಣವಾದಾಗ ಮಾತು ತಗ್ಗಿಸುತ್ತಾನೆ, ರಸ್ತೆಯ ಬಗ್ಗೆಯೇ ಮಾತಾಡುತ್ತಾನೆ. ಹುಬ್ಬಳ್ಳಿಯ ಅಂಗಡಿಯಲ್ಲಿ ಕೂತು ಫೋನ್ ಮಾಡಿದವನಿಗೆ ತಿರುವು ಕಾಣುವುದಿಲ್ಲ. ಅವನಿಗೆ ಉತ್ತರ ಬೇಕು, ಈಗಲೇ ಬೇಕು.

ದೇಶದ ಅಪಘಾತ ವರದಿಗಳಲ್ಲಿ ಮೊಬೈಲ್ ಬಳಕೆಯ ಪಾಲು ಸಾವುಗಳ ಶೇಕಡಾ ಎರಡರ ಆಸುಪಾಸಿನಲ್ಲಿದೆ, ಸಿಂಹಪಾಲು ಅತಿವೇಗದ್ದು. ಇಷ್ಟಕ್ಕೆ ಇಷ್ಟು ಗದ್ದಲವೇಕೆ ಎಂದು ಕೇಳುವವರಿದ್ದಾರೆ. ಆ ಅಂಕಿ ಹುಟ್ಟುವುದು ಎಲ್ಲಿ ನೋಡಿ. ಅಪಘಾತವಾದೊಡನೆ ಎಫ್‌ಐಆರ್‌ನಲ್ಲಿ ಬರೆಯುವ ವಾಕ್ಯ ಸಿದ್ಧವಾಗಿರುತ್ತದೆ: ಅತಿವೇಗ ಮತ್ತು ನಿಷ್ಕಾಳಜಿಯಿಂದ ಚಲಾಯಿಸಿ. ಚಾಲಕ ಕರೆಯಲ್ಲಿದ್ದನೇ ಎಂದು ತಿಳಿಯಲು ಫೋನ್ ಕಂಪನಿಯ ದಾಖಲೆ ತರಿಸಿ, ಗಳಿಗೆ ನೋಡಿ ಹೊಂದಿಸಬೇಕು. ಯಾರೂ ಹುಡುಕದೆ ಇದ್ದುದು ಅಂಕಿಅಂಶಕ್ಕೆ ಸೇರುವುದಾದರೂ ಹೇಗೆ?

ಉಳಿದದ್ದು ಹೊಟ್ಟೆಪಾಡಿನ ಆಕ್ಷೇಪ, ಅದನ್ನು ಹಗುರವಾಗಿ ಕಾಣಬಾರದು. ಬಾಡಿಗೆ ಟೆಂಪೋದವನು, ದಾಂಡೇಲಿಯ ರೆಸಾರ್ಟಿಗೆ ಪ್ರವಾಸಿಗರನ್ನು ಕರೆತರುವವನು ಕರೆ ತೆಗೆಯದಿದ್ದರೆ ಮುಂದಿನ ಬಾಡಿಗೆ ಬೇರೆಯವನ ಪಾಲಾಗುತ್ತದೆ. ಜೋಯಿಡಾದ ಕಾಡುದಾರಿಯಲ್ಲಿ ಮೈಲಿಗಟ್ಟಲೆ ನೆಟ್‌ವರ್ಕ್ ಸಿಗುವುದಿಲ್ಲ. ಸಿಕ್ಕ ಗಳಿಗೆಯಲ್ಲಿ ಅಷ್ಟು ಹೊತ್ತು ತಡೆದಿದ್ದ ಸಂದೇಶಗಳೂ ಮಿಸ್ಡ್ ಕಾಲ್‌ಗಳೂ ಒಟ್ಟಿಗೇ ಬಂದು ಬೀಳುತ್ತವೆ. ಅದು ಹೆಚ್ಚಾಗಿ ಊರು ಹತ್ತಿರವಾಗುವ ಕಡೆ, ದನಕರು, ಶಾಲೆಯ ಮಕ್ಕಳು ರಸ್ತೆಗೆ ಬರುವ ಜಾಗದಲ್ಲೇ. ಅಲ್ಲಿ ಗಾಡಿ ಪಕ್ಕಕ್ಕೆ ಹಾಕಿ ಮಾತಾಡುವಷ್ಟು ಗಟ್ಟಿಯಾದ, ಅಗಲವಾದ ಜಾಗ ಮಾಡಿಕೊಟ್ಟರೆ ಲೋಕೋಪಯೋಗಿ ಇಲಾಖೆಗೆ ಬಹಳ ಖರ್ಚಾಗದು. ಆದರೆ ಚಾಲಕನಿಗಷ್ಟೇ ದಂಡ ಹಾಕಿ, ಅವನಿಗೆ ಫೋನ್ ಮಾಡುವ ಮಾಲೀಕನನ್ನು ಬಿಟ್ಟುಬಿಡುವುದು ಅರ್ಧ ನ್ಯಾಯ. 184ನೇ ಕಲಂ ಆ ತುದಿಯಲ್ಲಿರುವವನನ್ನು ನೋಡುವುದೇ ಇಲ್ಲ. ಅರ್ಧ ಗಂಟೆಗೊಮ್ಮೆ ‘ಎಲ್ಲಿದ್ದೀಯೋ, ಎಷ್ಟೊತ್ತಾಗ್ತದೋ’ ಎಂದು ಕೇಳುವ ಮಾಲೀಕರ ಗಾಡಿಗಳಲ್ಲಿ ಎಷ್ಟೋ ಈಗ ಜಿಪಿಎಸ್ ಹಾಕಿಸಿಕೊಂಡಿವೆ. ಗಾಡಿ ಎಲ್ಲಿದೆ ಎಂದು ತಿಳಿಯಲು ಚಾಲಕನನ್ನು ಕೇಳಬೇಕಾದ ಅಗತ್ಯವೇ ಅವರಿಗಿಲ್ಲ.