ನಕಲಿನ ಆಚೆಗೆ ಒಂದು ಹೆಜ್ಜೆ

‘ನಕಲು’ ಎಂಬ ಪದಕ್ಕೆ ನಮ್ಮ ಶಿಕ್ಷಣ ವಲಯದಲ್ಲಿ ಒಳ್ಳೆಯ ಹೆಸರಿಲ್ಲ. ಪರೀಕ್ಷಾ ಕೊಠಡಿಯಲ್ಲಿ ಅದು ಅಪರಾಧ. ವಿಚಿತ್ರವೆಂದರೆ, ಶಾಲಾ ಚಿತ್ರಕಲಾ ಸ್ಪರ್ಧೆಗಳಲ್ಲಿ ಕ್ಯಾಲೆಂಡರಿನಿಂದ ಇಳಿಸಿದ ಚಿತ್ರಕ್ಕೆ ಬಹುಮಾನವೇ ದೊರೆಯುತ್ತದೆ. ನಕಲನ್ನು ಕಲಿಕೆಯ ಸಾಧನವಾಗಿ ನಾವಿನ್ನೂ ಸರಿಯಾಗಿ ಅರ್ಥ ಮಾಡಿಕೊಂಡಿಲ್ಲ ಎಂಬುದು ನನ್ನ ಅಭಿಪ್ರಾಯ.

ಕೊಳ್ಳೇಗಾಲದಂತಹ ಊರಿನಲ್ಲಿ ಚಿತ್ರ ಕಲಿಯಹೊರಟವರಿಗೆ ಬಹುಪಾಲು ಮುದ್ರಿತ ಪುಟವೇ ಗುರು. ನಾನು ತೈಲವರ್ಣದ ಪಾಠ ಕಲಿತದ್ದು ಸಾಲ್ವಡಾರ್ ಡಾಲಿಯ 1956ರ ಕೃತಿಯೊಂದನ್ನು ಪ್ರತಿ ಮಾಡುತ್ತ. ವಸ್ತುಚಿತ್ರವನ್ನು ಫ್ರೆಂಚರು ‘ಮೃತ ಪ್ರಕೃತಿ’ ಎನ್ನುತ್ತಾರೆ. ಡಾಲಿ ಅದಕ್ಕೆ ‘ಜೀವಂತ’ ಎಂಬ ಪದವನ್ನು ಸೇರಿಸಿದ. ಮೇಜಿನ ಮೇಲಿರಬೇಕಾದ ಸೇಬು, ಚಾಕು, ಲೋಟ, ಬಾಟಲಿಗಳು ಅಲ್ಲಿ ಗಾಳಿಯಲ್ಲಿ ತೇಲುತ್ತವೆ; ಹಿಂದೆ ಕಡಲು.

ಸರ್ರಿಯಲಿಸಂ ಎಂದರೆ ಮನಬಂದಂತೆ ಗೀಚುವುದು ಎಂಬ ಭಾವನೆ ಅನೇಕರಲ್ಲಿದೆ. ಪ್ರತಿ ಮಾಡಲು ಕುಳಿತವರಿಗೆ ಆ ಭ್ರಮೆ ಬೇಗನೆ ಹರಿಯುತ್ತದೆ. ಸೇಬು ದುಂಡಗೆ, ತೂಕವುಳ್ಳದ್ದಾಗಿ ಕಾಣದಿದ್ದರೆ ಅದು ತೇಲುವುದರಲ್ಲಿ ಬೆರಗೇನಿದೆ? ಗಾಜಿನ ಮೇಲಿನ ಬೆಳಕಿನ ಚುಕ್ಕೆ ಕೂದಲೆಳೆಯಷ್ಟು ಸರಿದರೂ ಲೋಟ ಲೋಟವಾಗಿ ಉಳಿಯುವುದಿಲ್ಲ. ಕಲ್ಪನೆಗೆ ರೆಕ್ಕೆ ಕೊಡುವುದು ಶಿಸ್ತೇ ಎಂಬ ಪಾಠವನ್ನು ಯಾವ ಉಪನ್ಯಾಸವೂ ಇಷ್ಟು ಸ್ಪಷ್ಟವಾಗಿ ಹೇಳಲಾರದು.

ಇನ್ನೊಂದು ಸಂಗತಿಯೂ ಉಂಟು. ಡಾಲಿಯ ಈ ಕೃತಿಗೆ ಆಧಾರ ಹದಿನೇಳನೆಯ ಶತಮಾನದ ಡಚ್ ಕಲಾವಿದ ಫ್ಲೋರಿಸ್ ವಾನ್ ಸ್ಕೂಟನ್‌ನ ಊಟದ ಮೇಜಿನ ಚಿತ್ರ. ನಮ್ಮಲ್ಲಿಯೂ 1909ರಿಂದ 1911ರ ನಡುವೆ ನಂದಲಾಲ್ ಬೋಸ್, ಅಸಿತ್ ಕುಮಾರ್ ಹಲ್ದಾರ್ ಮೊದಲಾದವರು ಅಜಂತಾ ಗುಹೆಗಳಲ್ಲಿ ಕುಳಿತು ಭಿತ್ತಿಚಿತ್ರಗಳನ್ನು ಪ್ರತಿ ಮಾಡಿದರು. ಇವರಾರೂ ನಕಲಿನಲ್ಲಿಯೇ ನಿಲ್ಲಲಿಲ್ಲ ಎಂಬುದು ಮುಖ್ಯ.

ಮುದ್ರಿತ ಪ್ರತಿಗೆ ಮಿತಿಗಳಿವೆ. ಮೂಲಕೃತಿ ಸುಮಾರು 125 ಸೆಂ.ಮೀ. ಎತ್ತರ, 160 ಸೆಂ.ಮೀ. ಅಗಲದ್ದು, ಪುಸ್ತಕದ ಪುಟ ಅದನ್ನು ಅಂಗೈಯಗಲಕ್ಕೆ ಕುಗ್ಗಿಸುತ್ತದೆ, ಬಣ್ಣವನ್ನೂ ಬದಲಿಸುತ್ತದೆ. ಆದ್ದರಿಂದ ಪ್ರತಿ ಮುಗಿದ ಮೇಲೆ ಕಣ್ಣು ಮನೆಯ ಕಡೆಗೆ ತಿರುಗಬೇಕು. ರೇಷ್ಮೆಯ ಸೀಮೆಯಲ್ಲಿ ಚಂದ್ರಿಕೆಯಿದೆ, ಗೂಡುಗಳಿವೆ, ಮಗ್ಗದ ಲಾಳಿಯಿದೆ. ಪಕ್ಕದ ಯಳಂದೂರಿನ ಬಳೆಮಂಟಪದಲ್ಲಿ ಕಲ್ಲೇ ಬಳೆಯಾಗಿದೆ. ಅಸಂಭವವನ್ನು ನಂಬಿಸುವ ವಿದ್ಯೆ ನಮಗೆ ಪರದೇಶದ್ದೇನಲ್ಲ.

ಶಾಲೆಗಳಿಂದ ನಾನು ನಿರೀಕ್ಷಿಸುವುದು ಇಷ್ಟೇ. ಮಕ್ಕಳು ಪ್ರತಿ ಮಾಡಲಿ. ಆದರೆ ಅದರ ಕೆಳಗೆ ಮೂಲ ಕಲಾವಿದನ ಹೆಸರನ್ನು ಬರೆಯಲಿ. ಪ್ರತಿಗೆ ಅಭ್ಯಾಸದ ಮನ್ನಣೆ ಸಿಗಲಿ, ಬಹುಮಾನ ಸ್ವಂತ ನೋಟಕ್ಕೆ ಮೀಸಲಾಗಲಿ. ಚಿತ್ರಕಲೆಯ ಅವಧಿಯನ್ನು ಗಣಿತಕ್ಕೆ ಬಿಟ್ಟುಕೊಡುವ ರೂಢಿ ನಿಲ್ಲಲಿ.

ತೇಲುವ ಸೇಬಿನ ಚಿತ್ರವನ್ನು ಇಂದು ಕಂಪ್ಯೂಟರ್ ಕ್ಷಣಾರ್ಧದಲ್ಲಿ ತಯಾರಿಸಿಕೊಡುತ್ತದೆ. ಹಾಗಿರುವಾಗ ತಿಂಗಳುಗಟ್ಟಲೆ ಕುಂಚ ಹಿಡಿಯುವುದೇಕೆ ಎಂದು ಪೋಷಕರು ಕೇಳುವುದು ಸಹಜ. ಯಂತ್ರ ಕೊಡುವುದು ಚಿತ್ರವನ್ನು ಮಾತ್ರ. ಒಂದು ಸೇಬನ್ನು ತಾಳ್ಮೆಯಿಂದ ನೋಡಬಲ್ಲ ಕಣ್ಣು ಕೈಯ ದುಡಿಮೆಯಿಂದಲೇ ಬರಬೇಕು. ಅಂತಹ ಕಣ್ಣು ಕಲಾವಿದನಿಗಷ್ಟೇ ಅಲ್ಲ, ಯಾವ ನಾಗರಿಕನಿಗೂ ಬೇಕಾದದ್ದು.